ಓದುಗರ ಪ್ರಶ್ನೆ, ನಮ್ಮ ಉತ್ತರ: ಎಲಿಯಟ್ ಕೌಂಟಿಯ ಮತ ತಿರುಗಿದ್ದು ಯಾವಾಗ?

ಅಮೆರಿಕದ ಹಳ್ಳಿಗಾಡಿನ ಕೌಂಟಿಗಳು (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಅಧ್ಯಕ್ಷರ ಚುನಾವಣೆಯಲ್ಲಿ ದಿಕ್ಕು ಬದಲಿಸುತ್ತಿರುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಕೆಂಟಕಿ ರಾಜ್ಯದ ಪೂರ್ವ ಭಾಗದ ಗುಡ್ಡಗಾಡಿನಲ್ಲಿರುವ ಎಲಿಯಟ್ ಕೌಂಟಿಯ ಬಗ್ಗೆ. 1872ರಿಂದ 2012ರವರೆಗಿನ 36 ಚುನಾವಣೆಗಳಲ್ಲೂ ಅಲ್ಲಿ ಗೆದ್ದದ್ದು ಡೆಮಾಕ್ರಟಿಕ್ ಪಕ್ಷವೇ. 2016ರಲ್ಲಿ ಅದೇ ಕೌಂಟಿ ಡೊನಾಲ್ಡ್ ಟ್ರಂಪ್ ಅವರಿಗೆ ಶೇ 70ರಷ್ಟು ಮತ ಕೊಟ್ಟಿತು.

ಪ್ರಶ್ನೆ: ಅಮೆರಿಕದ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಮತದಾರ ಮಂಡಳಿ. ಕೌಂಟಿಗೆ ಅಲ್ಲಿ ಯಾವ ಬೆಲೆಯೂ ಇಲ್ಲ. ಹಾಗಿದ್ದಮೇಲೆ ಎಲ್ಲರೂ ಕೌಂಟಿ ಲೆಕ್ಕವನ್ನೇ ಯಾಕೆ ಹಿಡಿಯುತ್ತಾರೆ? (ಸಾಗರದ ನಿವೃತ್ತ ಶಿಕ್ಷಕರು)

ನೀವು ಹೇಳಿದ್ದು ಸರಿ. ಮತದಾರ ಮಂಡಳಿಯಲ್ಲಿ ಕೆಂಟಕಿಗೆ ಇರುವ 8 ಮತಗಳೂ ರಾಜ್ಯದಲ್ಲಿ ಮುಂದಿರುವ ಅಭ್ಯರ್ಥಿಗೆ ಇಡಿಯಾಗಿ ಹೋಗುತ್ತವೆ. ಮೇನ್ ಮತ್ತು ನೆಬ್ರಾಸ್ಕ ಎರಡೇ ರಾಜ್ಯಗಳು ಕೆಲವು ಮತಗಳನ್ನು ಸಂಸತ್ ಕ್ಷೇತ್ರವಾರು ಹಂಚುತ್ತವೆ. ಎಲಿಯಟ್ ಕೌಂಟಿಯ ಎರಡೂವರೆ ಸಾವಿರ ಮತ ಯಾವ ಕಡೆ ವಾಲಿದರೂ ಶ್ವೇತಭವನದ ಲೆಕ್ಕ ಕದಲುವುದಿಲ್ಲ.

ಕೌಂಟಿಯ ಬೆಲೆ ಇರುವುದು ಅದರ ಗಡಿಯಲ್ಲಿ. ಎಲಿಯಟ್ ಕೌಂಟಿ ರೂಪುಗೊಂಡದ್ದು 1869ರಲ್ಲಿ, ಕೇಂದ್ರ ಸ್ಯಾಂಡಿ ಹುಕ್ ಎಂಬ ಪುಟ್ಟ ಊರು. ಇಂಥ ಹಳೆಯ ಕೌಂಟಿಗಳ ಎಲ್ಲೆ ನೂರು, ನೂರೈವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಆದ್ದರಿಂದ 1932ರ ಅಂಕಿಯನ್ನು 2012ರ ಅಂಕಿಯ ಪಕ್ಕ ಇಟ್ಟು ನೋಡಬಹುದು. ನಮ್ಮಲ್ಲಿ ಇದು ಕಷ್ಟ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ 2008ರ ಮರುವಿಂಗಡಣೆಯ ನಂತರ ಉಡುಪಿ-ಚಿಕ್ಕಮಗಳೂರು ಎಂಬ ಬೇರೆಯೇ ಕ್ಷೇತ್ರವಾಗಿದೆ, ಎರಡರ ಶೇಕಡಾವಾರನ್ನು ನೇರವಾಗಿ ಹೋಲಿಸಿದರೆ ತಪ್ಪಾಗುತ್ತದೆ. ಅಮೆರಿಕದಲ್ಲೂ ಸಂಸತ್ ಕ್ಷೇತ್ರಗಳ ಗಡಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಕೌಂಟಿಯದು ಮಾತ್ರ ನಿಂತಿರುತ್ತದೆ. ದೇಶದಲ್ಲಿ ಮೂರು ಸಾವಿರದ ನೂರಕ್ಕೂ ಹೆಚ್ಚು ಕೌಂಟಿಗಳಿವೆ, ಕೆಂಟಕಿಯೊಂದರಲ್ಲೇ 120. ಇಷ್ಟು ಸಣ್ಣ ತುಂಡುಗಳು ಇಷ್ಟು ಕಾಲ ಒಂದೇ ಅಳತೆಯಲ್ಲಿ ಸಿಗುವ ಚುನಾವಣಾ ದಾಖಲೆ ಜಗತ್ತಿನಲ್ಲೇ ಅಪರೂಪ.

ಪ್ರಶ್ನೆ: 144 ವರ್ಷ ಒಂದೇ ಪಕ್ಷಕ್ಕೆ ಒಲಿದಿದ್ದ ಕೌಂಟಿ ಒಂದೇ ಚುನಾವಣೆಯಲ್ಲಿ ಹೀಗೆ ತಿರುಗಿಬಿದ್ದದ್ದು ಟ್ರಂಪ್ ಅಲೆಯಿಂದಲೇ ಅಲ್ಲವೇ? (ಮೈಸೂರಿನ ರಾಜ್ಯಶಾಸ್ತ್ರ ವಿದ್ಯಾರ್ಥಿನಿ)

ಅಲ್ಲ. ನಕ್ಷೆಯಲ್ಲಿ ಬಣ್ಣ ಬದಲಾದ ವರ್ಷವನ್ನೇ ಮತ ಬದಲಾದ ವರ್ಷ ಎಂದು ಓದುವುದು ಈ ವಿಷಯದಲ್ಲಿ ಎಲ್ಲರೂ ಮೊದಲು ಬೀಳುವ ಗುಂಡಿ. ಬಣ್ಣ ಬದಲಾಗುವುದು ಒಂದು ಪಕ್ಷದ ಮತ ಇನ್ನೊಂದನ್ನು ಮೀರುವ ಗೆರೆ ದಾಟಿದಾಗ. ಗೆರೆಯ ಕಡೆಗೆ ನಡಿಗೆ ಶುರುವಾಗಿ ಎಷ್ಟು ಕಾಲವಾಯಿತೆಂಬುದನ್ನು ಬಣ್ಣ ಹೇಳುವುದಿಲ್ಲ. ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು, ಕಾಗದ ಪೆನ್ನು ಸಾಕು.

ಮೊದಲು ಕೌಂಟಿಯಲ್ಲಿ ಎರಡು ಪಕ್ಷಗಳ ಶೇಕಡಾವಾರಿನ ಅಂತರ ಬರೆದುಕೊಳ್ಳಿ. 2004ರಲ್ಲಿ ಎಲಿಯಟ್‌ನಲ್ಲಿ ಜಾನ್ ಕೆರಿ ಅವರಿಗೆ ಶೇ 70, ಜಾರ್ಜ್ ಬುಷ್ ಅವರಿಗೆ ಶೇ 29ಕ್ಕೆ ಸ್ವಲ್ಪ ಮೇಲೆ. ಡೆಮಾಕ್ರಟರ ಮುನ್ನಡೆ ಸುಮಾರು 40 ಅಂಶ. 2008ರಲ್ಲಿ ಬರಾಕ್ ಒಬಾಮ ಶೇ 61, ಜಾನ್ ಮೆಕೇನ್ ಶೇ 36. ಮುನ್ನಡೆ 25. 2012ರಲ್ಲಿ ಒಬಾಮ ಶೇ 49.4, ಮಿಟ್ ರಾಮ್ನಿ ಶೇ 46.9. ಮುನ್ನಡೆ ಎರಡೂವರೆ, ಮತಗಳಲ್ಲಿ ಹೇಳುವುದಾದರೆ ಅರವತ್ತರಷ್ಟು. 2016ರಲ್ಲಿ ಟ್ರಂಪ್ ಶೇ 70, ಹಿಲರಿ ಕ್ಲಿಂಟನ್ ಶೇ 26. ರಿಪಬ್ಲಿಕನ್ನರ ಮುನ್ನಡೆ 44.

ಆಮೇಲೆ ಪ್ರತಿ ವರ್ಷದ ಪಕ್ಕ ಇಡೀ ದೇಶದ ಅಂತರ ಬರೆಯಿರಿ: 2004ರಲ್ಲಿ ರಿಪಬ್ಲಿಕನ್ನರು ಎರಡೂವರೆ ಅಂಶ ಮುಂದೆ, 2008ರಲ್ಲಿ ಡೆಮಾಕ್ರಟರು 7, 2012ರಲ್ಲಿ ಡೆಮಾಕ್ರಟರು 4, 2016ರಲ್ಲಿ ಡೆಮಾಕ್ರಟರು 2. (2016ರಲ್ಲಿ ಒಟ್ಟು ಮತಗಳಲ್ಲಿ ಮುಂದಿದ್ದದ್ದು ಕ್ಲಿಂಟನ್, ಗೆದ್ದದ್ದು ಟ್ರಂಪ್.) ಕೌಂಟಿಯ ಅಂತರದಿಂದ ದೇಶದ ಅಂತರವನ್ನು ಕಳೆಯಿರಿ. ಗಾಳಿ ಎಲ್ಲೆಡೆ ಬೀಸಿದ್ದು ಎಷ್ಟು, ಈ ಊರಿನದೇ ಎಷ್ಟು ಎಂಬುದು ಆಗ ಬೇರೆಯಾಗುತ್ತದೆ.

ಸಿಗುವ ಸಾಲು ಇದು. 2004ರಲ್ಲಿ ಎಲಿಯಟ್ ದೇಶಕ್ಕಿಂತ 43 ಅಂಶ ಡೆಮಾಕ್ರಟರ ಕಡೆಗಿತ್ತು. 2008ರಲ್ಲಿ 18. 2012ರಲ್ಲಿ ದೇಶಕ್ಕಿಂತ ಒಂದೂವರೆ ಅಂಶ ರಿಪಬ್ಲಿಕನ್ನರ ಕಡೆಗೆ. 2016ರಲ್ಲಿ 46 ಅಂಶ ರಿಪಬ್ಲಿಕನ್ನರ ಕಡೆಗೆ.

2008ನ್ನು ಮತ್ತೊಮ್ಮೆ ನೋಡಿ. ಆ ವರ್ಷ ಇಡೀ ದೇಶ ಸುಮಾರು 10 ಅಂಶ ಡೆಮಾಕ್ರಟರ ಕಡೆಗೆ ಸರಿಯಿತು. ಎಲಿಯಟ್ 15 ಅಂಶ ಎದುರು ದಿಕ್ಕಿಗೆ ನಡೆಯಿತು. ನಕ್ಷೆಯಲ್ಲಿ ಅದು ಇನ್ನೂ ಡೆಮಾಕ್ರಟರ ಗಾಢ ನೀಲಿ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. 2012ರಲ್ಲಿ ಒಬಾಮ ಅಲ್ಲಿ ಗೆದ್ದರೂ ಕೌಂಟಿ ಆಗಲೇ ದೇಶದ ಸರಾಸರಿಯ ಆಚೆ ಬದಿಗೆ ದಾಟಿಯಾಗಿತ್ತು. ಟ್ರಂಪ್ ಬಂದದ್ದರಿಂದ ನಡಿಗೆ ಓಟವಾಯಿತು ಎನ್ನುವುದು ನಿಜ. ದೇಶಕ್ಕೆ ಹೋಲಿಸಿದ 44 ಅಂಶಗಳ ಜಿಗಿತ ಸಣ್ಣದಲ್ಲ. ಆದರೆ ಹೊರಟದ್ದು ಅವರಿಗಿಂತ ಎಂಟು ವರ್ಷ ಮೊದಲಾದರೂ ಹೌದು.

ಶೇಕಡಾವಾರು ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ಅದಕ್ಕೆ ಮತಗಳ ಸಂಖ್ಯೆಯನ್ನೇ ನೋಡಬೇಕು. 2004ರಲ್ಲಿ ಕೆರಿ ಅವರಿಗೆ ಸುಮಾರು 2,060 ಮತ, ಬುಷ್ ಅವರಿಗೆ 870. 2012ರಲ್ಲಿ ಒಬಾಮ ಅವರಿಗೆ 1,190ರ ಹತ್ತಿರ, ರಾಮ್ನಿ ಅವರಿಗೆ 1,130ರ ಹತ್ತಿರ. ಎಂಟು ವರ್ಷದಲ್ಲಿ ಡೆಮಾಕ್ರಟರು ಕಳೆದುಕೊಂಡದ್ದು 870 ಮತ, ರಿಪಬ್ಲಿಕನ್ನರಿಗೆ ಸೇರಿದ್ದು 260 ಮಾತ್ರ. ಉಳಿದವು ಯಾರಿಗೂ ಬೀಳಲಿಲ್ಲ, ಒಟ್ಟು ಮತದಾನವೇ ಸುಮಾರು 550ರಷ್ಟು ಇಳಿಯಿತು. 2016ರಲ್ಲಿ ಕ್ಲಿಂಟನ್ ಅವರಿಗೆ 740, ಟ್ರಂಪ್ ಅವರಿಗೆ 2,000. ಈ ಸಲ ಡೆಮಾಕ್ರಟರು ಕಳೆದುಕೊಂಡದ್ದು 450, ರಿಪಬ್ಲಿಕನ್ನರು ಗಳಿಸಿದ್ದು 870, ಒಟ್ಟು ಮತದಾನ 450ರಷ್ಟು ಏರಿತು. ಮೊದಲ ಹಂತದಲ್ಲಿ ಮತ ಕರಗಿತು, ಎರಡನೆಯ ಹಂತದಲ್ಲಿ ಆಚೆ ಕಡೆ ತುಂಬಿತು. ಹಳೆಯ ಪಕ್ಷಕ್ಕೆ ಹಾಕಲು ಮನಸ್ಸಿಲ್ಲ, ಎದುರಾಳಿಗೆ ಹಾಕಲು ಕೈ ಬಾರದು ಎಂಬ ನಡುವಿನ ಸ್ಥಿತಿಯೊಂದನ್ನು ಈ ಅಂಕಿಗಳು ತೋರಿಸುತ್ತವೆ ಎಂದು ನಮ್ಮ ಓದು.

ಎಚ್ಚರಿಕೆಯ ಮಾತೊಂದು. 2004ರಲ್ಲಿ ಮತ ಹಾಕಿದವರೇ 2016ರಲ್ಲೂ ಹಾಕಿದರೆಂದು ಈ ಲೆಕ್ಕ ಹೇಳುವುದಿಲ್ಲ. 1930ರ ದಶಕದ ಕಷ್ಟದ ದಿನಗಳನ್ನು ಕಂಡಿದ್ದ ಹಿರಿಯರು ಈ ಹನ್ನೆರಡು ವರ್ಷಗಳಲ್ಲೇ ಒಬ್ಬೊಬ್ಬರಾಗಿ ತೀರಿಕೊಂಡರು, ಹೊಸಬರು ಪಟ್ಟಿಗೆ ಸೇರಿದರು. ಎಷ್ಟು ಜನ ಮನಸ್ಸು ಬದಲಿಸಿದರು, ಎಷ್ಟು ಮತದಾರರೇ ಬದಲಾದರು ಎಂಬುದು ಕೌಂಟಿಯ ಒಟ್ಟು ಮೊತ್ತದಿಂದ ತಿಳಿಯದು, ಅದಕ್ಕೆ ವ್ಯಕ್ತಿವಾರು ಸಮೀಕ್ಷೆಯೇ ಬೇಕು. ಕೌಂಟಿ ಅಂಕಿ ಇಟ್ಟುಕೊಂಡು "ಇಂಥ ಜನ ಹೀಗೆ ಯೋಚಿಸಿದರು" ಎಂದು ಬರೆದ ವರದಿ ಓದುವಾಗ ಇದು ನೆನಪಿರಲಿ.

ಪ್ರಶ್ನೆ: ಅಲ್ಲಿಯೂ ಹೊಗೆಸೊಪ್ಪಿಗೆ ಕೋಟಾ ಇತ್ತಂತೆ. ಅದು ಹೋದದ್ದಕ್ಕೂ ಮತ ತಿರುಗಿದ್ದಕ್ಕೂ ಸಂಬಂಧವಿದೆಯೇ? (ಪಿರಿಯಾಪಟ್ಟಣದ ಬೆಳೆಗಾರರು)

ಇದೆ ಎಂದೇ ನಾವು ತಿಳಿದಿದ್ದೇವೆ. ಒಂದೇ ಕಾರಣ ಎನ್ನುವುದಿಲ್ಲ, ಆದರೆ ಪತ್ರಿಕೆಗಳು ಕಲ್ಲಿದ್ದಲಿನ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆಯಲಿಲ್ಲ.

ನೀವು ಬೆಳೆಯುವುದು ಬ್ಯಾರನ್‌ನಲ್ಲಿ ಶಾಖ ಕೊಟ್ಟು ಹದ ಮಾಡುವ ವರ್ಜೀನಿಯಾ. ಕೆಂಟಕಿಯ ಗುಡ್ಡಗಾಡಿನದು ಬರ್ಲಿ ಎಂಬ ಇನ್ನೊಂದು ಬಗೆ. ಗಿಡವನ್ನು ಬುಡಸಹಿತ ಕಡಿದು, ಕೋಲಿಗೆ ಪೋಣಿಸಿ, ಗಾಳಿಯಾಡುವ ಮರದ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಸೌದೆಯ ಖರ್ಚಿಲ್ಲ, ಜಮೀನು ಕಡಿಮೆ ಸಾಕು, ಕೆಲಸ ಮಾತ್ರ ವಿಪರೀತ. ಹಾಗಾಗಿ ಎರಡು ಗುಡ್ಡಗಳ ನಡುವಿನ ಅರ್ಧ ಎಕರೆ, ಒಂದು ಎಕರೆ ತಗ್ಗಿನಲ್ಲೂ ಮನೆಮಂದಿ ಸೇರಿ ಬೆಳೆದು ವರ್ಷಾಂತ್ಯಕ್ಕೆ ಒಂದಿಷ್ಟು ನಗದು ಕಾಣುತ್ತಿದ್ದರು.

ಈ ಸಣ್ಣ ಬೆಳೆಗಾರ ಉಳಿದದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದ ಕಾನೂನಿನಿಂದ. 1938ರ ಕೃಷಿ ಕಾಯ್ದೆಯ ಪ್ರಕಾರ ಪ್ರತಿ ಹಿಡುವಳಿಗೂ ಇಂತಿಷ್ಟೇ ಬೆಳೆಯಬೇಕೆಂಬ ಮಿತಿ ಬಂತು. ಬರ್ಲಿಗೆ ಮೊದಲು ಅದು ಎಕರೆ ಲೆಕ್ಕದಲ್ಲಿತ್ತು, 1971ರಲ್ಲಿ ಪೌಂಡ್ ತೂಕದ ಲೆಕ್ಕಕ್ಕೆ ಬದಲಾಯಿತು. ಮಿತಿಯ ಬದಲಿಗೆ ಬೆಂಬಲ ಬೆಲೆ. ಹರಾಜಿನಲ್ಲಿ ಖಾಸಗಿ ಖರೀದಿದಾರ ಆ ಬೆಲೆಗಿಂತ ಮೇಲೆ ಕೂಗದಿದ್ದರೆ ಬೆಳೆಗಾರರ ಸಹಕಾರ ಸಂಘವೇ ಸರ್ಕಾರದ ಸಾಲದಿಂದ ಸೊಪ್ಪನ್ನು ಎತ್ತಿಕೊಳ್ಳುತ್ತಿತ್ತು. ನಿಮ್ಮ ತಂಬಾಕು ಮಂಡಳಿಯೂ ಬೆಳೆಯ ಗಾತ್ರ ನಿಗದಿ ಮಾಡುತ್ತದೆ, ಹರಾಜು ನಡೆಸುತ್ತದೆ. ಅಲ್ಲಿನ ದೊಡ್ಡ ವ್ಯತ್ಯಾಸವೆಂದರೆ ಕೋಟಾ ಜಮೀನಿಗೆ ಅಂಟಿದ ಆಸ್ತಿಯಾಗಿತ್ತು. ಬೆಳೆಯಲಾಗದ ವಿಧವೆಯೂ ವಯಸ್ಸಾದವರೂ ಅದನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟು ದುಡ್ಡು ಪಡೆಯುತ್ತಿದ್ದರು.

2004ರ ಅಕ್ಟೋಬರಿನಲ್ಲಿ ಹೊಸ ಕಾನೂನು ಬಂದು ಇಡೀ ಏರ್ಪಾಟು ರದ್ದಾಯಿತು. ಪರಿಹಾರವಾಗಿ ಕೋಟಾ ಒಡೆಯರಿಗೆ ಪೌಂಡಿಗೆ 7 ಡಾಲರ್, ನಿಜವಾಗಿ ಬೆಳೆಯುತ್ತಿದ್ದವರಿಗೆ ಪೌಂಡಿಗೆ 3 ಡಾಲರ್, ಅದೂ 2005ರಿಂದ 2014ರವರೆಗೆ ಹತ್ತು ವಾರ್ಷಿಕ ಕಂತುಗಳಲ್ಲಿ. ಹಣ ಕಟ್ಟಿದ್ದು ಸಿಗರೇಟು ಮುಂತಾದ ತಂಬಾಕು ಉತ್ಪನ್ನ ತಯಾರಕರು. ಆಮೇಲೆ ಬೆಲೆಗೆ ತಳವಿಲ್ಲ, ಕಂಪನಿಯ ಜೊತೆ ನೇರ ಒಪ್ಪಂದ. ಕಂಪನಿಗೆ ಬೇಕಾದದ್ದು ಇಪ್ಪತ್ತು, ಮೂವತ್ತು ಎಕರೆ ಬೆಳೆಯುವವರು, ಅರ್ಧ ಎಕರೆಯವರಲ್ಲ. ಕೃಷಿ ಗಣತಿಯ ಪ್ರಕಾರ 2002ರಲ್ಲಿ ಕೆಂಟಕಿಯಲ್ಲಿ 29 ಸಾವಿರದಷ್ಟು ಹಿಡುವಳಿಗಳು ತಂಬಾಕು ಬೆಳೆಯುತ್ತಿದ್ದವು. 2007ರ ಹೊತ್ತಿಗೆ 8 ಸಾವಿರದಷ್ಟು.

ಈಗ ಮೇಲಿನ ಮತಗಳ ಸಾಲಿನ ಪಕ್ಕ ಈ ವರ್ಷಗಳನ್ನು ಇಡಿ. ಈ ಕಾನೂನಿನಿಂದ ಯಾವ ಪಕ್ಷಕ್ಕೂ ಕೆಟ್ಟ ಹೆಸರು ಬರಲಿಲ್ಲ, ಕೆಂಟಕಿಯ ಎರಡೂ ಪಕ್ಷದವರು ಅದನ್ನು ಬೆಂಬಲಿಸಿದ್ದರು. ಆದರೆ "ನಮ್ಮ ಹೊಲ ಉಳಿಸಿದ್ದು ಡೆಮಾಕ್ರಟರು" ಎಂದು ಅಜ್ಜ ಮೊಮ್ಮಗನಿಗೆ ಹೇಳಲು ಇದ್ದ ಸಾಕ್ಷಿಯೊಂದು ವರ್ಷವರ್ಷವೂ ಕಣ್ಣೆದುರು ಇತ್ತು. ಅದು ಇಲ್ಲವಾಯಿತು. ಪಕ್ಷನಿಷ್ಠೆ ಮನೆತನದಿಂದ ಬಂದದ್ದಾದರೂ ಅದಕ್ಕೆ ನೀರೆರೆಯಲು ಏನಾದರೊಂದು ಇರಬೇಕಾಗುತ್ತದೆ.

ಕಲ್ಲಿದ್ದಲಿನ ಪ್ರಭಾವವನ್ನೂ ತಳ್ಳಿಹಾಕುವಂತಿಲ್ಲ. ಎಲಿಯಟ್ ದೊಡ್ಡ ಗಣಿ ಕೌಂಟಿಯಲ್ಲ, ಆದರೆ ಸುತ್ತಲಿನ ಪೂರ್ವ ಕೆಂಟಕಿಯಲ್ಲಿ ಗಣಿ ಕೆಲಸಗಳು 2008ರಿಂದ 2016ರೊಳಗೆ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿದವು. ಅಗ್ಗದ ನೈಸರ್ಗಿಕ ಅನಿಲ ಮತ್ತು ತೆಳುವಾದ ಕಲ್ಲಿದ್ದಲು ಪದರಗಳು ಇದಕ್ಕೆ ಮುಖ್ಯ ಕಾರಣ. ಜೊತೆಗೆ ಬಂದ ಪರಿಸರ ನಿಯಮಗಳು ಮಾತ್ರ ಚುನಾವಣಾ ಭಾಷಣಗಳಲ್ಲಿ ಕೇಳಿಸಿದವು.

ಪ್ರಶ್ನೆ: ಒಬಾಮ ಕಪ್ಪು ವರ್ಣೀಯರೆಂಬುದೇ ಕಾರಣ ಎಂದು ನೇರವಾಗಿ ಹೇಳಲು ಯಾಕೆ ಹಿಂಜರಿಕೆ? (ಬೆಂಗಳೂರು)

ಹಿಂಜರಿಕೆ ಇಲ್ಲ. ಅದೊಂದು ಕಾರಣ ಎಂಬುದಕ್ಕೆ ಆಧಾರವಿದೆ. 2008ರಲ್ಲಿ ಅಪಲೇಶಿಯನ್ ಬೆಟ್ಟಸಾಲಿನಿಂದ ಒಕ್ಲಹೋಮದವರೆಗೆ ಒಂದು ಪಟ್ಟಿಯುದ್ದಕ್ಕೂ, ದೇಶ ಡೆಮಾಕ್ರಟರ ಕಡೆ ಹೋದಾಗ ಕೌಂಟಿಗಳು ರಿಪಬ್ಲಿಕನ್ನರ ಕಡೆ ಹೋದವು. ಆ ವರ್ಷ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಕೆಂಟಕಿಯ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಒಬಾಮ ಎದುರು ಹಿಲರಿ ಕ್ಲಿಂಟನ್ ಶೇ 65ರಷ್ಟು ಪಡೆದರು. 2012ರಲ್ಲಿ ಹಾಲಿ ಅಧ್ಯಕ್ಷರಾಗಿದ್ದ ಒಬಾಮ ಎದುರು ಯಾವ ಅಭ್ಯರ್ಥಿಯೂ ಇಲ್ಲದಿದ್ದಾಗ ಪ್ರಾಥಮಿಕದಲ್ಲಿ ಮತ ಹಾಕಿದ ಕೆಂಟಕಿಯ ಡೆಮಾಕ್ರಟರಲ್ಲಿ ಶೇ 42 ಮಂದಿ "ಯಾರಿಗೂ ಬದ್ಧರಲ್ಲ" ಎಂಬ ಸಾಲಿಗೆ ಗುರುತು ಹಾಕಿದರು.

ಆದರೆ ಅದೊಂದೇ ಎಂದರೆ ಅಂಕಿ ಒಪ್ಪುವುದಿಲ್ಲ. ಬಹುತೇಕ ಪೂರ್ತಿ ಬಿಳಿಯರೇ ಇರುವ ಎಲಿಯಟ್ 2008ರಲ್ಲಿ ಒಬಾಮ ಅವರಿಗೆ ಶೇ 61 ಕೊಟ್ಟಿತು, ಬಿಳಿಯರಾದ ಕ್ಲಿಂಟನ್ ಅವರಿಗೆ 2016ರಲ್ಲಿ ಶೇ 26. ಗರ್ಭಪಾತ, ಬಂದೂಕು, ಚರ್ಚು ಇವುಗಳ ಮೇಲೆ ರಾಷ್ಟ್ರೀಯ ಪಕ್ಷಗಳ ನಿಲುವು ಬೇರ್ಪಟ್ಟು ದಶಕಗಳಾಗಿದ್ದವು. ಸ್ಥಳೀಯ ಪತ್ರಿಕೆ ಸೊರಗಿ ಕೇಬಲ್ ಟಿವಿ, ಮೊಬೈಲು ಬಂದಮೇಲೆ ರಾಷ್ಟ್ರೀಯ ಪಕ್ಷದ ಮುಖವೇ ಹಳ್ಳಿಯವರ ಕಣ್ಣಿಗೆ ಬೀಳುವ ಪಕ್ಷದ ಮುಖವಾಯಿತು. 2020ರಲ್ಲಿ ಬಿಳಿಯರಾದ ಜೋ ಬೈಡನ್ ನಿಂತಾಗಲೂ ಟ್ರಂಪ್ ಅವರ ಪಾಲು ಶೇ 75ರ ಹತ್ತಿರಕ್ಕೆ ಏರಿತು.

ಪ್ರಶ್ನೆ: ಮೊದಲಿಗೆ ಎಲಿಯಟ್ ಡೆಮಾಕ್ರಟಿಕ್ ಆದದ್ದಾದರೂ ಯಾಕೆ? ಪಕ್ಕದ ಗುಡ್ಡದವರು ರಿಪಬ್ಲಿಕನ್ ಆಗಿದ್ದರಂತೆ. (ಧಾರವಾಡ)

ಒಕ್ಕೂಟಕ್ಕೂ ಅದರಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳಿಗೂ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ನೆನಪು. ಕೆಂಟಕಿ ಒಕ್ಕೂಟದಲ್ಲೇ ಉಳಿದರೂ ಒಳಗೆ ಕಣಿವೆ ಕಣಿವೆಗೂ ಪಕ್ಷ ಬೇರೆ. ದಕ್ಷಿಣದ ಕಡೆ ಒಲವಿದ್ದ ಕಡೆ ಡೆಮಾಕ್ರಟಿಕ್ ಮನೆತನಗಳು, ಒಕ್ಕೂಟದ ಸೇನೆಗೆ ಮಕ್ಕಳನ್ನು ಕಳಿಸಿದ ಕಡೆ ರಿಪಬ್ಲಿಕನ್ ಮನೆತನಗಳು. ಅದೇ ರಾಜ್ಯದ ಜಾಕ್ಸನ್ ಕೌಂಟಿ ಯುದ್ಧದ ನಂತರ ಅಧ್ಯಕ್ಷರ ಚುನಾವಣೆಯಲ್ಲಿ ಡೆಮಾಕ್ರಟರಿಗೆ ಒಮ್ಮೆಯೂ ಗೆಲುವು ಕೊಟ್ಟಿಲ್ಲ. ಎರಡೂ ಬಡ ಗುಡ್ಡಗಾಡು, ಎರಡರಲ್ಲೂ ತಂಬಾಕು, ಒಂದೇ ಬಗೆಯ ಚರ್ಚು. 1930ರ ದಶಕದ ಸರ್ಕಾರಿ ಕೆಲಸ, ಕೃಷಿ ಬೆಂಬಲ ಬಂದಾಗ ಎಲಿಯಟ್‌ನ ಹಳೆಯ ನಿಷ್ಠೆಗೆ ಹೊಸ ಕಾರಣ ಸಿಕ್ಕಿತು. ಆರ್ಥಿಕ ಸ್ಥಿತಿಯೊಂದರಿಂದಲೇ ಮತವನ್ನು ವಿವರಿಸುವವರಿಗೆ ಈ ಜೋಡಿಯನ್ನು ತೋರಿಸಬೇಕು.

ಎದುರು ದಿಕ್ಕಿನ ಉದಾಹರಣೆ ವರ್ಮಾಂಟ್. 1856ರಿಂದ 1988ರವರೆಗೆ 1964 ಒಂದನ್ನು ಬಿಟ್ಟು ಪ್ರತಿಸಲ ರಿಪಬ್ಲಿಕನ್, 1936ರಲ್ಲಿ ರೂಸ್‌ವೆಲ್ಟ್ ಸೋತ ಎರಡೇ ರಾಜ್ಯಗಳಲ್ಲಿ ಒಂದು (ಇನ್ನೊಂದು ಮೇನ್). 1992ರಿಂದ ಪ್ರತಿಸಲ ಡೆಮಾಕ್ರಟಿಕ್. ಅದೂ ಹಳ್ಳಿಗಾಡಿನ ರಾಜ್ಯವೇ. ಹಳ್ಳಿ ಎಂದಮೇಲೆ ಒಂದೇ ಕಡೆ ಹೋಗುತ್ತದೆ ಎಂಬ ನಿಯಮವಿಲ್ಲ.

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದು ಕೆಂಟಕಿಯಲ್ಲಿ ನೆಲೆಸಿದ್ದೇನೆ. ಪೂರ್ವದ ಕೌಂಟಿಗಳಲ್ಲಿ ಎಷ್ಟೋ ಮಂದಿ ಈಗಲೂ ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡೇ ಟ್ರಂಪ್ ಅವರಿಗೆ ಹಾಕುತ್ತಾರೆ. ಇದೇನು ಲೆಕ್ಕ? (ಲೆಕ್ಸಿಂಗ್ಟನ್‌ನ ಕನ್ನಡಿಗರು)

ಅದರ ಗುಟ್ಟು ಕೌಂಟಿ ಕಚೇರಿಯ ಚುನಾವಣೆಗಳಲ್ಲಿದೆ. ಕೆಂಟಕಿಯ ಪ್ರಾಥಮಿಕ ಚುನಾವಣೆಯಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿದವರಷ್ಟೇ ಮತ ಹಾಕಬಹುದು. ಕೌಂಟಿಯ ಆಡಳಿತ ಮುಖ್ಯಸ್ಥ, ಶೆರೀಫ್, ಕ್ಲರ್ಕ್, ಕೊನೆಗೆ ಜೈಲರ್ ಸಹ ಅಲ್ಲಿ ಚುನಾಯಿತ ಹುದ್ದೆ. ಎಲಿಯಟ್‌ನಂಥ ಕಡೆ ದಶಕಗಳ ಕಾಲ ಈ ಹುದ್ದೆಗಳಿಗೆ ಡೆಮಾಕ್ರಟರೇ ಸ್ಪರ್ಧಿಸುತ್ತಿದ್ದರು, ಹಾಗಾಗಿ ಮೇ ತಿಂಗಳ ಪ್ರಾಥಮಿಕದಲ್ಲೇ ಫಲಿತಾಂಶ ತೀರ್ಮಾನ. ರಿಪಬ್ಲಿಕನ್ ಎಂದು ನೋಂದಾಯಿಸಿದರೆ ನಿಮ್ಮ ರಸ್ತೆ ರಿಪೇರಿ ಮಾಡಿಸುವವರನ್ನು ಆರಿಸುವ ಹಕ್ಕನ್ನೇ ಬಿಟ್ಟುಕೊಟ್ಟಂತೆ. ಪಕ್ಷ ಬದಲಿಸುವುದೂ ಮನಸ್ಸಾದಾಗ ಆಗುವ ಕೆಲಸವಲ್ಲ. ಮುಂದಿನ ಮೇ ಪ್ರಾಥಮಿಕಕ್ಕೆ ಅನ್ವಯವಾಗಬೇಕಾದರೆ ಹಿಂದಿನ ಡಿಸೆಂಬರ್ 31ರೊಳಗೆ ಬದಲಿಸಿರಬೇಕು. ನೀವೇ ಪಕ್ಷ ಬದಲಿಸುವ ಯೋಚನೆಯಲ್ಲಿದ್ದರೆ ಈ ದಿನಾಂಕ ಬರೆದಿಟ್ಟುಕೊಳ್ಳಿ, ಜನವರಿಯಲ್ಲಿ ನೆನಪಾದರೆ ಆ ವರ್ಷದ ಪ್ರಾಥಮಿಕ ಕೈತಪ್ಪಿತು.

ಹೀಗಾಗಿ ನೋಂದಣಿ ಯಾವಾಗಲೂ ಮತದ ಹಿಂದೆ ವರ್ಷಗಟ್ಟಲೆ ತಡವಾಗಿ ಬರುತ್ತದೆ. ಕೆಂಟಕಿ ಅಧ್ಯಕ್ಷರ ಚುನಾವಣೆಯಲ್ಲಿ 2000ದಿಂದ ಪ್ರತಿಸಲ ರಿಪಬ್ಲಿಕನ್. ನೋಂದಣಿಯಲ್ಲಿ ರಿಪಬ್ಲಿಕನ್ನರು ಡೆಮಾಕ್ರಟರನ್ನು ದಾಟಿದ್ದು 2022ರಲ್ಲಿ. ನಡುವೆ ಗವರ್ನರ್ ಚುನಾವಣೆಯ ದಾರಿಯೂ ಬೇರೆ. ಅದು ಬೆಸ ವರ್ಷಗಳಲ್ಲಿ, ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇಲ್ಲದಾಗ ನಡೆಯುತ್ತದೆ. 2019ರಲ್ಲಿ ಎಲಿಯಟ್ ಡೆಮಾಕ್ರಟಿಕ್ ಪಕ್ಷದ ಆಂಡಿ ಬೆಶಿಯರ್ ಅವರನ್ನೇ ಮುಂದಿಟ್ಟಿತು. ಟ್ರಂಪ್ ಅವರ ಎರಡು ಭರ್ಜರಿ ಮುನ್ನಡೆಗಳ ನಡುವಿನ ವರ್ಷ ಅದು. ನೋಂದಣಿ, ಗವರ್ನರ್ ಮತ, ಅಧ್ಯಕ್ಷರ ಮತ ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟು ನೋಡದೆ ಕೌಂಟಿಯ ಬಗ್ಗೆ ತೀರ್ಪು ಕೊಡಬಾರದು.

ಪ್ರಶ್ನೆ: ಹಳೆಯ ನಕ್ಷೆಯಲ್ಲಿ ಡೆಮಾಕ್ರಟರು ಕೆಂಪು. ಮುದ್ರಣದೋಷವೇ? (ಕುಂದಾಪುರ)

ದೋಷವಲ್ಲ. ರಿಪಬ್ಲಿಕನ್ ಕೆಂಪು, ಡೆಮಾಕ್ರಟಿಕ್ ನೀಲಿ ಎಂಬುದು ಗಟ್ಟಿಯಾದದ್ದು 2000ದ ಚುನಾವಣೆಯ ನಂತರ. ಮೊದಲು ಟಿವಿ ವಾಹಿನಿಗೊಂದು ಬಣ್ಣ. ನಕ್ಷೆಯ ಮೂಲೆಯಲ್ಲಿರುವ ಸೂಚಿ ನೋಡಿಯೇ ಮುಂದುವರಿಯಿರಿ.

ಪ್ರಶ್ನೆ: ಎಲಿಯಟ್‌ನಂತೆ ತಿರುಗಿದ ಬೇರೆ ಕೌಂಟಿಗಳಿವೆಯೇ? ಎಲ್ಲ ಕಡೆಯೂ ಇದೇ ಕಥೆಯೇ? (ಹುಬ್ಬಳ್ಳಿಯ ಎಂಜಿನಿಯರ್)

ತಿರುಗಿದವು ನೂರಾರಿವೆ, ಕಥೆ ಒಂದೇ ಅಲ್ಲ. ಎರಡನ್ನು ಹೇಳುತ್ತೇವೆ.

ಅಯೋವಾ ರಾಜ್ಯದ ಹಾವರ್ಡ್ ಕೌಂಟಿ, ಕೇಂದ್ರ ಕ್ರೆಸ್ಕೊ. ಹಸಿರು ಕ್ರಾಂತಿಯ ಗೋಧಿ ತಳಿಗಳಿಂದ ಭಾರತಕ್ಕೂ ಪರಿಚಿತರಾದ ನಾರ್ಮನ್ ಬೋರ್ಲಾಗ್ ಹೈಸ್ಕೂಲು ಓದಿದ್ದು ಅಲ್ಲೇ. ಇಡೀ ದೇಶದಲ್ಲಿ 2012ರಲ್ಲಿ ಒಬಾಮ ಅವರಿಗೆ 20 ಅಂಶಕ್ಕಿಂತ ಹೆಚ್ಚಿನ ಮುನ್ನಡೆ, 2016ರಲ್ಲಿ ಟ್ರಂಪ್ ಅವರಿಗೆ 20 ಅಂಶಕ್ಕಿಂತ ಹೆಚ್ಚಿನ ಮುನ್ನಡೆ ಕೊಟ್ಟ ಕೌಂಟಿ ಇದೊಂದೇ. ಎಲಿಯಟ್‌ನಲ್ಲಿ 2012ರ ಹೊತ್ತಿಗೆ ಮತ ಕರಗಿತ್ತು, ಹಾವರ್ಡ್‌ನಲ್ಲಿ ಕರಗಿರಲೇ ಇಲ್ಲ, ನಾಲ್ಕೇ ವರ್ಷದಲ್ಲಿ ಮಗುಚಿತು. ವರ್ಣದ ಕಾರಣ ಇಲ್ಲಿ ಇನ್ನೂ ಕಡಿಮೆ ಹೊಂದುತ್ತದೆ.

ಇನ್ನೊಂದು ಟೆಕ್ಸಸ್‌ನ ಸ್ಟಾರ್ ಕೌಂಟಿ, ಮೆಕ್ಸಿಕೊ ಗಡಿಯ ರಿಯೊ ಗ್ರಾಂಡ್ ನದಿ ದಡದಲ್ಲಿದೆ. ಜನಸಂಖ್ಯೆಯಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಹಿಸ್ಪಾನಿಕರು. 2012ರಲ್ಲಿ ಒಬಾಮ ಶೇ 86, 2016ರಲ್ಲಿ ಕ್ಲಿಂಟನ್ ಶೇ 79, 2020ರಲ್ಲಿ ಬೈಡನ್ ಶೇ 52. 2024ರಲ್ಲಿ ಟ್ರಂಪ್ ಗೆದ್ದರು. 1892ರ ನಂತರ ರಿಪಬ್ಲಿಕನ್ ಪಕ್ಷ ಅಲ್ಲಿ ಗೆದ್ದದ್ದು ಅದೇ ಮೊದಲು. ಗಡಿ ಕಾವಲು ಪಡೆ, ತೈಲ ಕೆಲಸ, ಏರಿದ ದಿನಸಿ ಬೆಲೆ, ಕ್ಯಾಥೊಲಿಕ್ ಮನೆಗಳ ಸಂಪ್ರದಾಯ ಎಲ್ಲ ಅಲ್ಲಿ ಸೇರುತ್ತವೆ. ಇಲ್ಲೂ ಗಮನಿಸಿ: ಸುದ್ದಿಯಾದದ್ದು 2024, ಅತಿ ದೊಡ್ಡ ಕುಸಿತ ಆದದ್ದು 2016 ಮತ್ತು 2020ರ ನಡುವೆ.

ಪ್ರಶ್ನೆ: ಈ ಲೆಕ್ಕವನ್ನು ನಾನೇ ಎಲ್ಲ ಕೌಂಟಿಗಳಿಗೂ ಮಾಡಿ ನೋಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ, ಎಲ್ಲಿ ತಪ್ಪಾಗುತ್ತದೆ? (ಮೈಸೂರಿನ ಅದೇ ವಿದ್ಯಾರ್ಥಿನಿ)

2000ದ ಈಚಿನ ಅಂಕಿಗೆ ಎಂಐಟಿ ವಿಶ್ವವಿದ್ಯಾಲಯದ ಚುನಾವಣಾ ದತ್ತಾಂಶ ಪ್ರಯೋಗಾಲಯದ ಕೌಂಟಿವಾರು ಕಡತ ಉಚಿತವಾಗಿ ಸಿಗುತ್ತದೆ, ಎಕ್ಸೆಲ್‌ನಲ್ಲೇ ತೆರೆಯುತ್ತದೆ. ಒಂದೇ ಕೌಂಟಿ ಸಾಕೆಂದರೆ ಆ ರಾಜ್ಯದ ಚುನಾವಣಾ ಮಂಡಳಿಯ ಜಾಲತಾಣದ ಪಿಡಿಎಫ್ ಹೆಚ್ಚು ನಂಬಿಕಸ್ಥ. ಮೊದಲು ಅದರಲ್ಲಿ ಒಂದು ಕೌಂಟಿಯ ಅಂಕಿ ತೆಗೆದು, ಕಡತದ ಅಂಕಿಯೊಂದಿಗೆ ತಾಳೆ ನೋಡಿ, ಆಮೇಲೆ ದೊಡ್ಡ ಲೆಕ್ಕಕ್ಕೆ ಇಳಿಯಿರಿ.

ಕೌಂಟಿಗಳನ್ನು ಹೆಸರಿನಿಂದ ಜೋಡಿಸಬೇಡಿ. ಜಾಕ್ಸನ್ ಎಂಬ ಕೌಂಟಿ ಹತ್ತಾರು ರಾಜ್ಯಗಳಲ್ಲಿದೆ. ಪ್ರತಿ ಕೌಂಟಿಗೂ ಐದಂಕಿಯ ಸರ್ಕಾರಿ ಸಂಕೇತವಿದೆ, ಮೊದಲೆರಡು ಅಂಕಿ ರಾಜ್ಯದ್ದು. ಎಲಿಯಟ್‌ನದು 21063. ಇಲ್ಲೇ ಎಕ್ಸೆಲ್ ಕೈಕೊಡುವುದು: ಅಲಬಾಮದ 01001 ಅನ್ನು ಅದು ಸಂಖ್ಯೆ ಎಂದುಕೊಂಡು 1001 ಮಾಡಿಬಿಡುತ್ತದೆ, ಆಮೇಲೆ ಜೋಡಣೆ ಆಗುವುದಿಲ್ಲ. ಕಡತ ತೆರೆಯುವಾಗಲೇ ಆ ಕಂಬಸಾಲನ್ನು ಪಠ್ಯ ಎಂದು ಗುರುತಿಸಿ. ಸಂಕೇತವೇ ಬದಲಾದ ಕೌಂಟಿಯೂ ಇದೆ. ಸೌತ್ ಡಕೋಟದ ಶಾನನ್ ಕೌಂಟಿ 2015ರಲ್ಲಿ ಓಗ್ಲಾಲ ಲಕೋಟ ಆಯಿತು, 46113 ಹೋಗಿ 46102 ಬಂತು. ಅಲಾಸ್ಕ ತನ್ನ ಫಲಿತಾಂಶವನ್ನು ಶಾಸನಸಭಾ ಕ್ಷೇತ್ರವಾರು ಕೊಡುತ್ತದೆ, ಅದನ್ನು ಈ ಲೆಕ್ಕದಿಂದ ಬಿಡುವುದೇ ಒಳ್ಳೆಯದು. ಮಿಸೌರಿಯ ಕನ್ಸಾಸ್ ಸಿಟಿಯ ಮತ ಜಾಕ್ಸನ್ ಕೌಂಟಿಯಿಂದ ಬೇರೆ ಸಾಲಿನಲ್ಲಿ ಬರುತ್ತದೆ, ಕೂಡಿಸಿಕೊಳ್ಳಬೇಕು. ಕನೆಕ್ಟಿಕಟ್‌ನಲ್ಲಿ 2022ರಿಂದ ಜನಗಣತಿ ಇಲಾಖೆ ಕೌಂಟಿಗಳ ಬದಲು ಯೋಜನಾ ಪ್ರದೇಶಗಳನ್ನು ಬಳಸುತ್ತಿದೆ, ಹಳೆಯ ಮತ ಹೊಸ ಜನಸಂಖ್ಯೆ ಸೇರುವುದಿಲ್ಲ.

2020ರ ಅಂಕಿಯಲ್ಲಿ ವಿಶೇಷ ಎಚ್ಚರ ಬೇಕು. ಕೋವಿಡ್ ವರ್ಷವಾದ್ದರಿಂದ ಕೆಲವು ರಾಜ್ಯಗಳು ಅಂಚೆ ಮತ, ಮುಂಗಡ ಮತ, ಚುನಾವಣಾ ದಿನದ ಮತ ಎಂದು ಬೇರೆ ಬೇರೆ ಸಾಲು ಕೊಟ್ಟಿವೆ. ಒಟ್ಟು ಎಂಬ ಸಾಲಿದ್ದರೆ ಅದೊಂದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಎಲ್ಲವನ್ನೂ ಕೂಡಿಸಿ. ಒಂದು ಸಾಲು ಬಿಟ್ಟುಹೋದರೆ ಅಂತರ ಹತ್ತಾರು ಅಂಶ ತಪ್ಪುತ್ತದೆ, ಯಾಕೆಂದರೆ ಆ ವರ್ಷ ಅಂಚೆ ಮತ ಡೆಮಾಕ್ರಟರದು, ಅಂದಿನ ಮತ ರಿಪಬ್ಲಿಕನ್ನರದು ಎಂಬಷ್ಟು ಭೇದವಿತ್ತು.

2000ಕ್ಕಿಂತ ಹಿಂದೆ ಹೋಗುವಾಗ ಮೂರನೆಯ ಅಭ್ಯರ್ಥಿಯನ್ನು ಮರೆಯಬೇಡಿ. 1992ರಲ್ಲಿ ರಾಸ್ ಪೆರೊ ದೇಶದ ಶೇ 19ರಷ್ಟು ಮತ ಪಡೆದರು. ಆ ವರ್ಷ ಒಂದು ಪಕ್ಷದ ಪಾಲು ಶೇ 55ರಿಂದ 42ಕ್ಕೆ ಇಳಿದಿದ್ದರೆ ಅದು ಸೋಲಿನ ಲಕ್ಷಣ ಆಗಿರಬೇಕಿಲ್ಲ. ಎರಡು ಪ್ರಮುಖ ಪಕ್ಷಗಳ ಮತವನ್ನಷ್ಟೇ ಕೂಡಿಸಿ, ಅದರಲ್ಲಿ ಒಬ್ಬರ ಪಾಲೆಷ್ಟು ಎಂದು ನೋಡಿ. 1912, 1924, 1968ರಲ್ಲೂ ಹಾಗೆಯೇ. ದಕ್ಷಿಣದ ರಾಜ್ಯಗಳಲ್ಲಿ ಇದೂ ಕೈಕೊಡುತ್ತದೆ. ಅಲಬಾಮದ ಮತಪತ್ರದಲ್ಲಿ 1948ರಲ್ಲಿ ಹ್ಯಾರಿ ಟ್ರೂಮನ್ ಹೆಸರಾಗಲಿ, 1964ರಲ್ಲಿ ಲಿಂಡನ್ ಜಾನ್ಸನ್ ಹೆಸರಾಗಲಿ ಇರಲೇ ಇಲ್ಲ. ಡೆಮಾಕ್ರಟಿಕ್ ಮತ ಸೊನ್ನೆ ಎಂದು ಕಂಡರೆ ಅದು ಮತದಾರರ ತೀರ್ಪಲ್ಲ.

ಮತದಾನದ ಪ್ರಮಾಣ ಲೆಕ್ಕ ಹಾಕುವುದಾದರೆ ಭಾಗಿಸುವ ಸಂಖ್ಯೆ ಯಾವುದೆಂದು ನೋಡಿಕೊಳ್ಳಿ. ಎಲಿಯಟ್‌ನ ಜನಸಂಖ್ಯೆ 2020ರ ಜನಗಣತಿಯಲ್ಲಿ 7,354. ಅದರಲ್ಲಿ 2005ರಲ್ಲಿ ಅಲ್ಲಿ ಶುರುವಾದ ರಾಜ್ಯ ಸೆರೆಮನೆಯ ಕೈದಿಗಳೂ ಸೇರಿದ್ದಾರೆ. ಜನಗಣತಿ ಅವರನ್ನು ಅಲ್ಲಿಯ ನಿವಾಸಿಗಳೆಂದೇ ಎಣಿಸುತ್ತದೆ, ಆದರೆ ಅವರಿಗೆ ಮತವಿಲ್ಲ. ಇಷ್ಟು ಸಣ್ಣ ಕೌಂಟಿಯಲ್ಲಿ ಅವರನ್ನು ಕಳೆಯದೆ ಭಾಗಿಸಿದರೆ 2005ರ ನಂತರದ ಮತದಾನ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಮೇಲೆ ನಾವು ಮತದಾನ ಇಳಿಯಿತು ಎಂದದ್ದು ಬಿದ್ದ ಮತಗಳ ಸಂಖ್ಯೆಯಿಂದ, ಶೇಕಡಾವಾರಿನಿಂದಲ್ಲ. ನೀವೂ ಸಣ್ಣ ಕೌಂಟಿಗಳಲ್ಲಿ ಹಾಗೆಯೇ ಮಾಡಿ, ಮತ್ತು ಸೆರೆಮನೆ ಅಥವಾ ಸೇನಾ ನೆಲೆ ಇರುವ ಕೌಂಟಿಗಳ ಪಟ್ಟಿಯನ್ನು ಬೇರೆ ಮಾಡಿಟ್ಟುಕೊಳ್ಳಿ.